‘ಹೆಬ್ ಮಿ’ ಅಂದರೆ ಎತ್ತು ಅಂತಲ್ಲ

ನರ್ಸಿಂಗ್ ಕಲಿಯಲು ಜರ್ಮನಿಗೆ ಬಂದ ನಾಲ್ಕನೇ ದಿನ ಊರಿನ ಕಚೇರಿಗೆ ಹೆಸರು ನೋಂದಾಯಿಸಲು ಹೋಗಿದ್ದೆ. ಇಲ್ಲಿ ಯಾರೇ ಬಂದು ಮನೆ ಮಾಡಿದರೂ ಮೊದಲು ಆಗಬೇಕಾದ ಕೆಲಸ ಅದು. ಹೆಸರು, ಹುಟ್ಟಿದ ಊರು ಎಲ್ಲ ಬರೆದಾದ ಮೇಲೆ ಧರ್ಮ ಅಂತ ಒಂದು ಕಾಲಂ ಇತ್ತು. ನಾನು ‘ಎಫಾಂಗೆಲಿಶ್’ ಅಂತ ಬರೆದೆ. ಪ್ರೊಟೆಸ್ಟೆಂಟರಿಗೆ ಇಲ್ಲಿ ಹೇಳುವುದೇ ಹಾಗೆ. ಜೊತೆಗೆ ಬಂದಿದ್ದ ಸೀನಿಯರ್ ಹುಡುಗಿ ನನ್ನ ಮೊಣಕೈ ತಿವಿದಳು. "ಅದನ್ನ ಯಾಕೆ ಬರೆದೆ? ಚರ್ಚ್ ತೆರಿಗೆ ಬೀಳುತ್ತೆ!"

ಅವಳು ಹೇಳಿದ್ದು ನಿಜ. ಇಲ್ಲಿ ಸರ್ಕಾರವೇ ಆದಾಯ ತೆರಿಗೆಯ ಜೊತೆ ಚರ್ಚಿನ ತೆರಿಗೆಯನ್ನೂ ಹಿಡಿದು ಚರ್ಚಿಗೆ ಕೊಡುತ್ತದೆ. ನಾನಿರುವ ಬಾಡನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಅದು ಆದಾಯ ತೆರಿಗೆಯ 8%. ನನಗೆ ಮೊದಲ ವರ್ಷ ಸಿಗುತ್ತಿದ್ದ ಭತ್ಯೆ, ಎಲ್ಲ ಕಡಿತಕ್ಕೂ ಮುಂಚೆ, ತಿಂಗಳಿಗೆ 1,190 ಯೂರೊ. ಅದರಲ್ಲಿ ತೆರಿಗೆ ಬೀಳುವುದೇ ಕಡಿಮೆ. ಆದರೂ ಆ ದಿನ ನಾನು ಲೆಕ್ಕ ಹಾಕಿ ಬರೆದವಳಲ್ಲ. ನಾನು ಯಾರು ಅಂತ ಕೇಳಿದರು, ಹೇಳಿದೆ, ಅಷ್ಟೇ. ಮುಂದಿನ ಮೂರು ವರ್ಷ ಆ ಒಂದು ಪದದ ಅರ್ಥ ಹುಡುಕುತ್ತಾ ಇರಬೇಕಾಗುತ್ತದೆ ಅಂತ ಆಗ ಗೊತ್ತಿರಲಿಲ್ಲ.

ನಮ್ಮದು ಗದಗ-ಬೆಟಗೇರಿ. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಪ್ರಚಾರ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದು, ಮೂರು ವರ್ಷದಲ್ಲಿ ಧಾರವಾಡಕ್ಕೆ, ಆಮೇಲೆ ಹುಬ್ಬಳ್ಳಿ, ಬೆಟಗೇರಿಗೆ ಬಂದರು. ನಮ್ಮ ಮನೆಯವರು ಎಷ್ಟೋ ತಲೆಮಾರಿನಿಂದ ಆ ಸಭೆಯವರು. ಮಿಷನ್ನಿನವರು 1902ರಲ್ಲಿ ಬೆಟಗೇರಿಯಲ್ಲಿ ಕಟ್ಟಿದ ಆಸ್ಪತ್ರೆಯನ್ನು ಜನ ಈಗಲೂ ‘ಜರ್ಮನ್ ಆಸ್ಪತ್ರೆ’ ಅಂತಲೇ ಕರೆಯುತ್ತಾರೆ. ನನ್ನ ಅಜ್ಜಿ ಅಲ್ಲಿ ಆಯಾ ಆಗಿ ದುಡಿದವಳು. ಅವಳ ಸೀರೆಗೆ ಯಾವಾಗಲೂ ಫಿನೈಲ್ ವಾಸನೆ. ನನಗೆ ಆ ವಾಸನೆ ಇಷ್ಟ. ನರ್ಸ್ ಆಗಬೇಕು ಅನ್ನುವ ಆಸೆ ಹುಟ್ಟಿದ್ದು ಅಲ್ಲೇ ಇರಬೇಕು.

ಪಿಯುಸಿ ಆದ ಮೇಲೆ ಬಿ.ಎಸ್ಸಿ. ನರ್ಸಿಂಗ್ ಸೇರುವಷ್ಟು ದುಡ್ಡು ಮನೆಯಲ್ಲಿರಲಿಲ್ಲ. ಜರ್ಮನಿಯಲ್ಲಿ ಫೀಸು ಕಟ್ಟಬೇಕಿಲ್ಲ, ಬದಲಿಗೆ ಅವರೇ ಭತ್ಯೆ ಕೊಡುತ್ತಾರೆ ಅಂತ ನಮ್ಮ ಸಭೆಯ ಒಬ್ಬ ಅಕ್ಕ ಹೇಳಿದರು. ಇದಕ್ಕೆ ‘ಔಸ್‌ಬಿಲ್ಡುಂಗ್’ ಅನ್ನುತ್ತಾರೆ. ಮೂರು ವರ್ಷ, ಅರ್ಧ ಕ್ಲಾಸು, ಅರ್ಧ ವಾರ್ಡು. ಸರಿಯಾಗಿ ಹೇಳಬೇಕೆಂದರೆ 2,100 ಗಂಟೆ ಪಾಠ, 2,500 ಗಂಟೆ ರೋಗಿಗಳ ಜೊತೆ ಕೆಲಸ. 2020ರ ಹೊಸ ಕಾನೂನು ಬಂದ ಮೇಲೆ ಮಕ್ಕಳ ಆರೈಕೆ, ವೃದ್ಧರ ಆರೈಕೆ, ಆಸ್ಪತ್ರೆ ಎಲ್ಲ ಸೇರಿಸಿ ಒಂದೇ ಕೋರ್ಸ್ ಮಾಡಿದ್ದಾರೆ.

ಅದಕ್ಕೆ ಮೊದಲು ಭಾಷೆ. ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದುಕೊಂಡು ಒಂದೂವರೆ ವರ್ಷ ಜರ್ಮನ್ ಕಲಿತೆ. ಬಿ2 ಅನ್ನುವ ಮಟ್ಟದ ಭಾಷಾ ಪರೀಕ್ಷೆಯಲ್ಲಿ ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು ಅಂತ ನಾಲ್ಕು ಭಾಗ. ಒಂದೊಂದರಲ್ಲೂ ನೂರಕ್ಕೆ 60 ಬರಬೇಕು. ಕೇಳುವ ಭಾಗದಲ್ಲಿ ನನಗೆ 57 ಬಂತು. ಆ ಒಂದನ್ನೇ ಮತ್ತೆ ಬರೆದು ಪಾಸಾದೆ. ಮೂರು ಅಂಕ ಕಡಿಮೆ ಬಿದ್ದದ್ದು ಸರಿಯಾಗಿ ಕೇಳಿಸಿಕೊಳ್ಳುವುದರಲ್ಲಿ ಅನ್ನುವುದು ಆಮೇಲೆ ಎಷ್ಟೋ ಸಲ ನೆನಪಾಗಿದೆ. ಅಂಕಪಟ್ಟಿಗಳು, ವೀಸಾ ಅಂತ ಓಡಾಡಿ 2022ರ ಸೆಪ್ಟೆಂಬರ್‌ನಲ್ಲಿ ವಿಮಾನ ಹತ್ತಿದೆ. ಅವ್ವ ಬ್ಯಾಗಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಮತ್ತು ಅಜ್ಜಿಯ ಕನ್ನಡ ಬೈಬಲ್ ಇಟ್ಟಿದ್ದಳು.

ನಾನು ಕಲಿತದ್ದು ನೆಕ್ಕರ್ ನದಿ ದಡದ ಒಂದು ಸಣ್ಣ ಊರಿನಲ್ಲಿ, ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಹೋಗಿ ಬರುವಷ್ಟು ದೂರ. ಈ ಸೀಮೆಯ ಜನ ಸ್ವಾಬಿಯನ್ನರು. ಅವರು ಆಡುವ ಜರ್ಮನ್ನಿಗೂ ನಾನು ಬೆಂಗಳೂರಿನಲ್ಲಿ ಕಲಿತ ಜರ್ಮನ್ನಿಗೂ ಇರುವ ದೂರ, ಗದಗದ ಮಾತಿಗೂ ಪಠ್ಯಪುಸ್ತಕದ ಕನ್ನಡಕ್ಕೂ ಇರುವುದಕ್ಕಿಂತ ಜಾಸ್ತಿ. ಮೊದಲ ವಾರ ವಾರ್ಡಿನಲ್ಲಿ ಏನೂ ಅರ್ಥವಾಗದೆ ಸುಮ್ನೆ ತಲೆಯಾಡಿಸುತ್ತಾ ನಿಂತಿದ್ದೆ.

ಕೆಲಸವೂ ನಾನು ಅಂದುಕೊಂಡಂತೆ ಇರಲಿಲ್ಲ. ನಮ್ಮಲ್ಲಿ ರೋಗಿಗೆ ಮೈ ಒರೆಸುವುದು, ಉಣಿಸುವುದು, ಬೆಡ್‌ಪ್ಯಾನ್ ಇಡುವುದು ಹೆಚ್ಚಾಗಿ ಮನೆಯವರು, ಇಲ್ಲವೇ ಆಯಾಗಳು. ಇಲ್ಲಿ ಅದೆಲ್ಲ ನರ್ಸಿನ ಕೆಲಸ. ಅದೂ ಮೊದಲ ಕೆಲಸ. ಬೆಚ್ಚಗಿನ ನೀರಿನ ಬೇಸಿನ್, ಎರಡು ಬಟ್ಟೆ. ಮುಖದಿಂದ ಶುರು, ಮುಖಕ್ಕೆ ಸೋಪು ಬೇಕೇ ಅಂತ ಕೇಳಿಯೇ ಹಚ್ಚಬೇಕು. ಒರೆಸುತ್ತಿರುವ ಭಾಗ ಬಿಟ್ಟು ಉಳಿದ ಮೈ ಮುಚ್ಚಿರಬೇಕು. ಮೊದಲ ಸಲ ಒಬ್ಬ ಮುದುಕರ ಮೈ ಒರೆಸಿದಾಗ ನನ್ನ ಕೈ ನಡುಗಿತು. ಸಂಕೋಚಕ್ಕಲ್ಲ. ಅಜ್ಜಿ ಜೀವನವಿಡೀ ಇದನ್ನೇ ಮಾಡಿದ್ದಳು, ನಾನು ಮಾತ್ರ ಅವಳ ಮುಂದೆ ‘ನಾನು ಆಯಾ ಅಲ್ಲ, ನರ್ಸ್ ಆಗ್ತೀನಿ’ ಅಂತ ಜಂಬ ಕೊಚ್ಚಿದ್ದೆ. ಅದು ನೆನಪಾಗಿತ್ತು.

ಮೊದಲ ಆರು ತಿಂಗಳು ಪ್ರೊಬೇಷನ್. ಸರಿಹೋಗದಿದ್ದರೆ ಕಳಿಸಿಬಿಡಬಹುದು. ಆ ಹೆದರಿಕೆಯಲ್ಲೇ ಇದ್ದಾಗ, ಮೂರನೇ ತಿಂಗಳು, ನನ್ನಿಂದ ಒಂದು ತಪ್ಪಾಯಿತು.

ಮಂಡಿ ಆಪರೇಷನ್ ಆಗಿದ್ದ ಒಬ್ಬರು "ಫೂಸ್ ನೋಯ್ತಿದೆ" ಅಂದರು. ಫೂಸ್ ಅಂದರೆ ಪಾದ. ಮೊದಲ ಪಾಠದಲ್ಲೇ ಕಲಿತ ಪದ. ಪಾದ ನೋಡಿದೆ. ಊತ ಇರಲಿಲ್ಲ. ಕಾಲುಚೀಲ ಬಿಗಿಯಾಗಿತ್ತು, ಸಡಿಲ ಮಾಡಿದೆ. ಕಂಪ್ಯೂಟರಿನಲ್ಲಿ ‘ಪಾದ ನೋವು’ ಅಂತ ಬರೆದು ಮುಂದಿನ ಕೋಣೆಗೆ ಹೋದೆ. ಎರಡು ಗಂಟೆ ಬಿಟ್ಟು ನನಗೆ ಕೆಲಸ ಕಲಿಸುತ್ತಿದ್ದ ನರ್ಸ್ ಹೋಗಿ ಹೊದಿಕೆ ಸರಿಸಿದರೆ, ಅವರ ಮೀನಖಂಡ ಬಾತು ಬಿಸಿಯಾಗಿತ್ತು. ಕೂಡಲೇ ಸ್ಕ್ಯಾನ್ ಮಾಡಿಸಿದರು. ರಕ್ತ ಹೆಪ್ಪುಗಟ್ಟಿತ್ತು. ಆ ಹೆಪ್ಪು ಅಲ್ಲಿಂದ ಜಾರಿ ಶ್ವಾಸಕೋಶಕ್ಕೆ ಹೋಗಿದ್ದರೆ ಜೀವಕ್ಕೇ ಅಪಾಯ. ಸದ್ಯ, ಔಷಧಿಗೆ ಕರಗಿತು. ಅವರು ಗುಣವಾಗಿ ಮನೆಗೆ ಹೋದರು.

ನಾನು ಔಷಧಿ ಕೋಣೆಯಲ್ಲಿ ನಿಂತು ಅತ್ತೆ. ಆ ನರ್ಸ್ ಬೈಯಲಿಲ್ಲ. ಒಂದು ಸ್ಟೂಲ್ ಎಳೆದು ಕೂರಿಸಿ, ತಮ್ಮ ಸೊಂಟದಿಂದ ಹಿಮ್ಮಡಿವರೆಗೂ ಕೈ ಸವರಿ ತೋರಿಸಿದರು. "ಸ್ವಾಬಿಯನ್ನರಿಗೆ ಫೂಸ್ ಅಂದರೆ ಇಷ್ಟೂ. ಪುಸ್ತಕದಲ್ಲಿ ಇರಲ್ಲ. ಇನ್ನು ಮೇಲೆ ಯಾರೇ ನೋವು ಅಂದರೂ ಕೈಯಿಂದ ಮುಟ್ಟಿ ತೋರಿಸಿ ಅನ್ನು."

ಆ ರಾತ್ರಿ ನಿದ್ದೆ ಬರಲಿಲ್ಲ. ಆಗ ಹೊಳೆಯಿತು, ನಮ್ಮ ‘ಕಾಲು’ ಕೂಡ ಹಾಗೇ ಅಲ್ವಾ? ಕಾಲು ನೋಯ್ತದೆ ಅಂದರೆ ಬೆಟಗೇರಿಯಲ್ಲಿ ಯಾರೂ ಬರೀ ಪಾದ ಅಂತ ತಿಳಿಯುವುದಿಲ್ಲ, ಎಲ್ಲಿ ಅಂತ ಕೇಳುತ್ತಾರೆ. ನಾನು ಪರೀಕ್ಷೆ ಪಾಸಾದ ಜರ್ಮನ್ನಿನಲ್ಲಿ ಯೋಚಿಸಿ ತಪ್ಪು ಮಾಡಿದ್ದೆ. ಕನ್ನಡದಲ್ಲಿ ಯೋಚಿಸಿದ್ದರೆ ಬಹುಶಃ ಹೊದಿಕೆ ಪೂರ್ತಿ ಸರಿಸಿ ನೋಡುತ್ತಿದ್ದೆ. ಅವತ್ತಿನಿಂದ ಇವತ್ತಿನವರೆಗೆ ‘ಮುಟ್ಟಿ ತೋರಿಸಿ’ ಅನ್ನದೆ ನಾನು ನೋವು ಬರೆದುಕೊಂಡಿಲ್ಲ.

ಆ ಚಳಿಗಾಲದಲ್ಲೇ ನನ್ನ ಪ್ರಾರ್ಥನೆ ನಿಂತುಹೋಯಿತು.

ಒಂದೇ ದಿನ ನಿಂತದ್ದಲ್ಲ. ಬೆಳಗಿನ ಪಾಳಿ ಆರು ಗಂಟೆಗೆ. ಕತ್ತಲಲ್ಲಿ ಹೋಗಿ ಕತ್ತಲಾಗುವ ಹೊತ್ತಿಗೆ ಬರುತ್ತಿದ್ದೆ. ದಣಿವು ಒಂದು ಕಾರಣ. ಆದರೆ ಅದಕ್ಕಿಂತ ದೊಡ್ಡ ಕಾರಣ ಬೇರೆ ಇತ್ತು. ಚಿಕ್ಕಂದಿನಿಂದ ನನ್ನ ತಲೆಯಲ್ಲಿ ಒಂದು ಲೆಕ್ಕ ಕೂತಿತ್ತು: ದೇವರನ್ನು ನಂಬುವವರು ಜನರ ಸೇವೆ ಚೆನ್ನಾಗಿ ಮಾಡುತ್ತಾರೆ, ನಮ್ಮೂರಿಗೆ ಆಸ್ಪತ್ರೆ ಬಂದದ್ದೇ ಹಾಗೆ. ನನಗೆ ಕೆಲಸ ಕಲಿಸುತ್ತಿದ್ದ ಆ ನರ್ಸ್ ಕಚೇರಿಯಲ್ಲಿ ಬರೆದುಕೊಟ್ಟು ಚರ್ಚನ್ನು ಬಿಟ್ಟವರು. ದೇವರಿಲ್ಲ ಅಂತ ನೇರವಾಗಿ ಹೇಳುವವರು. ಆದರೆ ಪ್ರಜ್ಞೆ ಇಲ್ಲದ ರೋಗಿಯ ಮೈ ಒರೆಸುವಾಗಲೂ "ಈಗ ಎಡಗೈ ಎತ್ತುತ್ತೇನೆ, ನೀರು ಬೆಚ್ಚಗಿದೆ" ಅಂತ ಹೇಳಿ ಹೇಳಿ ಒರೆಸುವರು. ಬೆಳಿಗ್ಗೆ ಪ್ರಾರ್ಥನೆ ಮಾಡಿ ಹೋದ ನಾನು ಗಡಿಯಾರ ನೋಡುತ್ತಾ ಅವಸರ ಮಾಡುತ್ತಿದ್ದೆ. ಹಾಗಾದರೆ ನನ್ನ ನಂಬಿಕೆ ಯಾವ ಉಪಯೋಗಕ್ಕೆ?

ಭಾನುವಾರ ಚರ್ಚಿಗೆ ಹೋದರೆ ಅಲ್ಲೂ ಬೇಸರ. ಮುನ್ನೂರು ಜನ ಕೂರುವ ಕಲ್ಲಿನ ಕಟ್ಟಡದಲ್ಲಿ ಹದಿನೈದು ತಲೆ, ಎಲ್ಲ ಬಿಳಿ. ನಮ್ಮ ಹಿರಿಯರಿಗೆ ಈ ದಾರಿ ತೋರಿಸಲು ಜನ ಹೊರಟದ್ದು ಇದೇ ಸೀಮೆಯಿಂದ. ಈಗ ಬೆಟಗೇರಿಯ ಚರ್ಚಿನಲ್ಲಿ ಮಕ್ಕಳಿಗೆ ಚಾಪೆ ಹಾಸಬೇಕು, ಇಲ್ಲಿ ಬೆಂಚುಗಳೇ ಖಾಲಿ. ಒಂದು ಭಾನುವಾರ ಆರ್ಗನ್ ಶುರುವಾಯಿತು. ಆ ರಾಗ ನನಗೆ ಗೊತ್ತಿತ್ತು. ಬಾಸೆಲ್ ಮಿಷನ್ನಿನವರು ಜರ್ಮನ್ ರಾಗಗಳಿಗೆ ಕನ್ನಡದ ಮಾತು ಕೂಡಿಸಿ ಹಾಡು ಮಾಡಿದ್ದರಲ್ಲ, ಅದರಲ್ಲಿ ಒಂದು. ಸುತ್ತ ಇದ್ದವರು ಜರ್ಮನ್‌ನಲ್ಲಿ ಹಾಡಿದರು. ನನ್ನ ಬಾಯಿಗೆ ಕನ್ನಡವೇ ಬಂತು. ನಾಲ್ಕನೇ ಸಾಲಿಗೆ ಗಂಟಲು ಕಟ್ಟಿ ನಿಲ್ಲಿಸಿದೆ.

ಅವ್ವ ವಾರಕ್ಕೆ ಎರಡು ಸಲ ಫೋನ್ ಮಾಡುವಳು. "ಪ್ರಾರ್ಥನಿ ಮಾಡ್ತೀಯಿಲ್ಲೋ ಯವ್ವಾ?" ಅಂತ ಪ್ರತಿ ಸಲ ಕೇಳುವಳು. ನಾನು ಹ್ಞೂಂ ಅನ್ನುತ್ತಿದ್ದೆ. ಫೆಬ್ರವರಿಯಲ್ಲಿ ಒಂದು ದಿನ ಸುಳ್ಳು ಹೇಳಲಾಗಲಿಲ್ಲ. "ಇಲ್ಲವ್ವ, ಬರಾಕ ಒಲ್ದು" ಅಂದೆ. ಆಚೆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಬೈಯುತ್ತಾಳೆ ಅಂದುಕೊಂಡೆ.

"ಇರ್ಲಿ ಬಿಡು. ನಿನ್ನ ಪಾಲಿಂದೂ ನಾನಽ ಮಾಡ್ತೀನಿ. ನೀ ಉಣ್ಣೂದು ಮಾತ್ರ ಬಿಡಬ್ಯಾಡ."

ಎಷ್ಟು ಹಗುರಾಯಿತು ಅಂದರೆ, ಆ ದಿನ ಅನ್ನ ಮಾಡಿ ಹೊಟ್ಟೆ ತುಂಬ ಉಂಡೆ.

ನಮ್ಮ ಕ್ಲಾಸಿನಲ್ಲಿ ವಿಯೆಟ್ನಾಂ, ಕೇರಳ, ಕ್ಯಾಮರೂನ್, ಟುನೀಶಿಯಾದವರೆಲ್ಲ ಇದ್ದರು. ಟುನೀಶಿಯಾದ ಹುಡುಗಿ ಮತ್ತು ನಾನು ಒಂದೇ ವಾರ್ಡಿಗೆ ಬಿದ್ದೆವು. ರಂಜಾನ್ ತಿಂಗಳು. ಅವಳು ನೀರೂ ಮುಟ್ಟದೆ ಪಾಳಿ ಪೂರ್ತಿ ದುಡಿಯುತ್ತಿದ್ದಳು. ವಿರಾಮದ ಹತ್ತು ನಿಮಿಷದಲ್ಲಿ ಒಗೆದ ಬಟ್ಟೆ ಜೋಡಿಸುವ ಕೋಣೆಯಲ್ಲಿ ಒಂದು ಟವೆಲ್ ಹಾಸಿ ನಮಾಜು ಮಾಡುವಳು. ಯಾರಾದರೂ ಬಂದರೆ ಅಂತ ನನ್ನನ್ನು ಬಾಗಿಲಲ್ಲಿ ನಿಲ್ಲಿಸುತ್ತಿದ್ದಳು. ಒಂದು ದಿನ ಎದ್ದು ಟವೆಲ್ ಮಡಿಚುತ್ತಾ, "ಈಗ ನಾನು ಬಾಗಿಲಲ್ಲಿ ನಿಲ್ತೀನಿ, ನೀನು ಮಾಡು" ಅಂದಳು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಬಿಳಿ ಬೆಡ್‌ಶೀಟ್‌ಗಳ ನಡುವೆ ಸುಮ್ನೆ ನಿಂತೆ. ಮಾತು ಬರಲಿಲ್ಲ. ಆದರೆ ಬಹಳ ದಿನದ ಮೇಲೆ ನಿಂತದ್ದಂತೂ ಹೌದು. ಆಮೇಲೆ ಅದು ನಮ್ಮಿಬ್ಬರ ರೂಢಿಯಾಯಿತು.

ಬೇಸಿಗೆಯಲ್ಲಿ ಎಸ್‌ಲಿಂಗನ್ ಊರಿಗೆ ಹೋಗಿ ಬಂದೆ. ‘ಮಂಗಳೂರ ಸಮಾಚಾರ’ ಅಂತ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ತಂದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಇದೇ ಸೀಮೆಯ ಬ್ರಾಕನ್‌ಹೈಮ್‌ನಲ್ಲಿ, 1881ರಲ್ಲಿ ತೀರಿಕೊಂಡದ್ದು ಎಸ್‌ಲಿಂಗನ್‌ನಲ್ಲಿ. ನಿಘಂಟಿನ ಕಿಟೆಲ್ ಕೂಡ ಕೊನೆಗಾಲಕ್ಕೆ ಇದೇ ನೆಕ್ಕರ್ ದಡದ ಟ್ಯೂಬಿಂಗನ್‌ನಲ್ಲಿದ್ದು 1903ರಲ್ಲಿ ಅಲ್ಲೇ ತೀರಿಕೊಂಡರು. ನದಿ ದಡದ ಬೆಂಚಿನ ಮೇಲೆ ಕೂತು ಯೋಚಿಸಿದೆ. ಇವರೂ ಪರದೇಶಕ್ಕೆ ಹೋಗಿ, ಒಂದೊಂದು ಪದಕ್ಕೂ ಜನರ ಮುಂದೆ ನಿಂತು ಇದಕ್ಕೇನಂತೀರಿ, ಅದಕ್ಕೇನಂತೀರಿ ಅಂತ ಕೇಳಿದವರೇ. ಅವರೂ ತಪ್ಪು ತಿಳಿದಿರುತ್ತಾರೆ, ಅವರ ಪ್ರಾರ್ಥನೆಯೂ ಎಂದಾದರೂ ಒಣಗಿರುತ್ತದೆ. ನಮ್ಮ ಚರ್ಚಿನ ಗೋಡೆಯ ಮೇಲಿನ ಫೋಟೋಗಳಲ್ಲಿ ಮಾತ್ರ ನೋಡಿದ್ದ ಅಂಥವರು ಆ ದಿನ ನನಗೆ ನನ್ನ ಹಾಗೇ ಊರು ಬಿಟ್ಟು ಬಂದವರಾಗಿ ಕಂಡರು.

ಪರೀಕ್ಷೆಯ ವಿಷಯ ಇಲ್ಲೇ ಹೇಳಿ ಮುಗಿಸುತ್ತೇನೆ. ಕೊನೆಗೆ ಮೂರು ಬರವಣಿಗೆ, ಒಂದು ಮೌಖಿಕ, ಒಂದು ಪ್ರಾಯೋಗಿಕ. ಬರವಣಿಗೆ ಎರಡೆರಡು ಗಂಟೆಯದು. ಪ್ರಾಯೋಗಿಕದಲ್ಲಿ ನಿಜವಾದ ರೋಗಿಗಳನ್ನೇ ನಾಲ್ಕು ಗಂಟೆಯೊಳಗೆ ನೋಡಿಕೊಂಡು, ಮಾಡಿದ್ದನ್ನು ಯಾಕೆ ಮಾಡಿದೆ ಅಂತ ವಿವರಿಸಬೇಕು. 2025ರಲ್ಲಿ ಪಾಸಾದೆ. ಈ ದಾರಿಗೆ ಬರಬೇಕು ಅಂದುಕೊಂಡವರಿಗೆ ನಾನು ಹೇಳುವುದು ಒಂದೇ: ಏಜೆಂಟರ ಕೈಗೆ ಲಕ್ಷಗಟ್ಟಲೆ ಸುರಿಯುವ ಮೊದಲು ಭಾಷೆಗೆ ಆರು ತಿಂಗಳು ಜಾಸ್ತಿ ಕೊಡಿ. ಆ ಸೀಮೆಯ ಆಡುಮಾತನ್ನು ಬಂದ ಮೊದಲ ದಿನದಿಂದ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ನನ್ನ ನೋಟ್‌ಬುಕ್ಕಿನ ಮೊದಲ ಪದ ಫೂಸ್.

ಎರಡನೆಯದನ್ನು ಕಲಿಸಿದ್ದು ವೃದ್ಧಾಶ್ರಮದ ಒಬ್ಬ ಅಜ್ಜಿ.

ಕೋರ್ಸಿನಲ್ಲಿ ಆಸ್ಪತ್ರೆ, ವೃದ್ಧಾಶ್ರಮ, ಮನೆಮನೆಗೆ ಹೋಗಿ ಮಾಡುವ ಆರೈಕೆ ಮೂರಕ್ಕೂ ತಲಾ 400 ಗಂಟೆ ಕಡ್ಡಾಯ. ಎರಡನೇ ವರ್ಷದ ಚಳಿಗಾಲದಲ್ಲಿ ನನ್ನನ್ನು ವೃದ್ಧಾಶ್ರಮಕ್ಕೆ ಹಾಕಿದರು. ಆ ಅಜ್ಜಿಗೆ 91. ನನ್ನನ್ನು ‘ಶ್ವೆಸ್ಟರ್’ ಅಂತ ಕರೆಯುವರು. ನಮ್ಮ ಸಿಸ್ಟರ್ ಅನ್ನುವುದೇ. ನರ್ಸಿಂಗ್ ಇಲ್ಲಿ ಸನ್ಯಾಸಿನಿಯರ, ಡಿಯಾಕೊನೆಸ್ ಅನ್ನುವ ಪ್ರೊಟೆಸ್ಟೆಂಟ್ ಸೇವಾ ಸೋದರಿಯರ ಕೆಲಸವಾಗಿದ್ದ ಕಾಲದ ಮಾತದು. ಫ್ಲಾರೆನ್ಸ್ ನೈಟಿಂಗೇಲ್ 1851ರಲ್ಲಿ ತರಬೇತಿ ಪಡೆದದ್ದೂ ಜರ್ಮನಿಯ ಕೈಸರ್ಸ್‌ವೆರ್ತ್‌ನ ಅಂಥ ಸೋದರಿಯರ ಮನೆಯಲ್ಲೇ. ಈಗ ನಮ್ಮ ಅಧಿಕೃತ ಹೆಸರು ಬೇರೆ. ಆದರೆ ಮುದುಕರ ಬಾಯಲ್ಲಿ ಶ್ವೆಸ್ಟರ್ ಉಳಿದಿದೆ.

ಅವರ ಮಂಚದ ಪಕ್ಕ ಒಂದು ಪುಟ್ಟ ನೀಲಿ ಪುಸ್ತಕ ಇರುತ್ತಿತ್ತು, ದಿನಕ್ಕೊಂದು ಬೈಬಲ್ ವಚನ. ಹೆರ್ನ್‌ಹುಟ್ ಅನ್ನುವ ಊರಿನ ಸಭೆಯವರು 1731ರಿಂದ ಇದನ್ನು ಪ್ರತಿ ವರ್ಷ ಅಚ್ಚು ಹಾಕುತ್ತಿದ್ದಾರೆ. ಯಾವ ದಿನಕ್ಕೆ ಯಾವ ವಚನ ಅಂತ ಚೀಟಿ ಎತ್ತಿ ಆರಿಸುತ್ತಾರೆ. ಅಜ್ಜಿಗೆ ಕಣ್ಣು ಮಂಜಾಗಿತ್ತು. ದಿನಾ ಬೆಳಿಗ್ಗೆ ಮೈ ಒರೆಸಿ ತಲೆ ಬಾಚಿದ ಮೇಲೆ ನಾನೇ ಓದಬೇಕು. ಜರ್ಮನ್ನಿನ ‘ü’ ಉಚ್ಚಾರ ತಪ್ಪಾದರೆ ತುಟಿ ಮುಂದೆ ಚಾಚಿ ತೋರಿಸಿ ಮತ್ತೆ ಹೇಳಿಸುವರು. ಪ್ರಾರ್ಥನೆ ಬಾರದಿದ್ದ ನಾನು ಹೀಗೆ ದಿನಕ್ಕೊಂದು ವಚನ ಇನ್ನೊಬ್ಬರಿಗಾಗಿ ಓದತೊಡಗಿದೆ.

ಒಂದು ದಿನ ನನ್ನೂರು ಯಾವುದು ಅಂತ ಕೇಳಿದರು. ಬಾಸೆಲ್ ಮಿಷನ್ ಅಂದ ಕೂಡಲೇ ಅವರ ಮುಖ ಅರಳಿತು. ಅವರ ಅಜ್ಜಿ ಮೊಟ್ಟೆ ಮಾರಿದ ಚಿಲ್ಲರೆಯಲ್ಲಿ ವಾರವಾರ ಒಂದಿಷ್ಟು ಕಾಸು ಮಿಷನ್ನಿಗೆ ಅಂತ ಎತ್ತಿಡುತ್ತಿದ್ದರಂತೆ. ನಾನು ಲೆಕ್ಕ ಹಾಕಿದೆ. ಬೆಟಗೇರಿಯಲ್ಲಿ ಆಸ್ಪತ್ರೆ ಎದ್ದ ಕಾಲವೂ ಹೆಚ್ಚು ಕಡಿಮೆ ಅದೇ. ಆ ಮೊಟ್ಟೆಯ ಕಾಸು ಎಲ್ಲಿಗೆ ಸೇರಿತೋ ಯಾರಿಗೆ ಗೊತ್ತು. ಆದರೂ ಅವರ ಕೈಗೆ ಎಣ್ಣೆ ಹಚ್ಚುತ್ತಿದ್ದ ನನಗೆ, ನನ್ನ ಅಜ್ಜಿಯ ಫಿನೈಲ್ ವಾಸನೆ ಮೂಗಿಗೆ ಬಡಿದಂತಾಯಿತು.

ಜನವರಿಯ ಕೊನೆಯಲ್ಲಿ ಅವರು ಉಣ್ಣುವುದು ಬಿಟ್ಟರು. ಮಗಳು ದೂರದ ಊರಿನಿಂದ ಹೊರಟಿದ್ದರು, ಹಿಮ ಬಿದ್ದು ರೈಲು ತಡವಾಗಿತ್ತು. ನನ್ನದು ರಾತ್ರಿ ಪಾಳಿ. ಜೊತೆಗಿದ್ದ ನರ್ಸ್ ಐವತ್ತು ದಾಟಿದವರು, ಇವರೂ ದೇವರು ದಿಂಡರು ಅಂತ ತಲೆ ಕೆಡಿಸಿಕೊಂಡವರಲ್ಲ. "ಉಳಿದ ಕೋಣೆಗಳನ್ನ ನಾನು ನೋಡ್ಕೋತೀನಿ, ನೀನು ಅವರ ಹತ್ರ ಇರು" ಅಂದರು.

ಮೂರು ಗಂಟೆಯ ಹೊತ್ತಿಗೆ ಅಜ್ಜಿ ಕಣ್ಣು ಬಿಟ್ಟು, "ಹೆಬ್ ಮಿ" ಅಂದರು. ‘ಹೇಬನ್’ ಅಂದರೆ ಎತ್ತುವುದು. ನಾನು ಎದ್ದು, ಹೆಗಲ ಕೆಳಗೆ ತೋಳು ತೂರಿಸಿ, ದಿಂಬಿನ ಮೇಲಕ್ಕೆ ಎತ್ತಲು ಹೋದೆ. ಅವರು ತಲೆ ಅಲ್ಲಾಡಿಸಿದರು. ಮತ್ತೆ "ಹೆಬ್ ಮಿ". ಮಂಚದ ತಲೆಕಡೆ ಏರಿಸಿದೆ. ಅದೂ ಅಲ್ಲ. ಆಗ ಫೂಸ್ ನೆನಪಾಯಿತು. ಬಗ್ಗಿ ಕಿವಿಯ ಹತ್ತಿರ, "ತೋರಿಸಿ" ಅಂದೆ. ಅವರ ಕೈ ಹೊದಿಕೆಯ ಮೇಲೆ ಮೆಲ್ಲಗೆ ತೆವಳಿ ಬಂದು ನನ್ನ ಬೆರಳು ಹುಡುಕಿತು. ಹಿಡಿದುಕೊಂಡೆ. "ಯಾ" ಅಂದರು, ಕಣ್ಣು ಮುಚ್ಚಿದರು. ಸ್ವಾಬಿಯನ್ನರು ‘ಹೇಬನ್’ ಅನ್ನುವುದು ಹಿಡಿದುಕೊಳ್ಳುವುದಕ್ಕೆ.

ಎರಡು ಗಂಟೆಗೂ ಮಿಕ್ಕಿ ಹಾಗೇ ಕೂತೆ. ಅವತ್ತಿನ ವಚನ ಓದಿದೆ. 23ನೇ ಕೀರ್ತನೆ ಜರ್ಮನ್‌ನಲ್ಲಿ ಶುರು ಮಾಡಿ, ನಡುವೆ ಮರೆತು, ಕನ್ನಡದಲ್ಲಿ ಮುಂದುವರಿಸಿದೆ. ನಮ್ಮ ಬೈಬಲ್ಲಿನಲ್ಲಿ ದೇವರನ್ನು ಕುರುಬ ಅಂದಿದ್ದಾರೆ. ಸುಗ್ಗಿಯಾದ ಮೇಲೆ ನಮ್ಮ ಹೊಲಗಳಲ್ಲಿ ರಾತ್ರಿ ಕುರಿ ತರುಬಿ, ಕಂಬಳಿ ಹೊದ್ದು ಕಾಯುತ್ತಾ ಕೂರುತ್ತಿದ್ದ ಕುರುಬರು ಕಣ್ಣಿಗೆ ಬಂದರು. ಅವರು ಕುರಿಗಳಿಗೆ ಏನೂ ಉಪದೇಶ ಮಾಡುತ್ತಿರಲಿಲ್ಲ. ರಾತ್ರಿ ಪೂರ್ತಿ ಅಲ್ಲೇ ಇರುತ್ತಿದ್ದರು. ಬಾಯಲ್ಲಿ ಕನ್ನಡ ನಿಲ್ಲದೆ ಬರುತ್ತಿತ್ತು. ಒಂದು ವರ್ಷ ಬಾರದೇ ಇದ್ದದ್ದು.

ಐದೂವರೆ ದಾಟಿತ್ತು. ಉಸಿರು ಒಂದು ಸಲ ನಿಂತು, ಮತ್ತೆ ಬಂದು, ನಿಂತಿತು.

ಆ ನರ್ಸ್ ಬಂದರು. ನಾಡಿ ನೋಡಿ, ಡಾಕ್ಟರಿಗೆ ಫೋನ್ ಮಾಡಿದರು. ಆಮೇಲೆ ಏನೂ ಹೇಳದೆ ಹೋಗಿ ಕಿಟಕಿ ತೆರೆದರು. ಹೊರಗೆ ಹಿಮ. ತಣ್ಣನೆ ಗಾಳಿ ಪರದೆ ಸರಿಸಿಕೊಂಡು ಒಳಗೆ ಬಂತು. ಯಾಕೆ ಅಂತ ಕೇಳಿದೆ. "ಆತ್ಮ ಹೊರಗೆ ಹೋಗಬೇಕಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಾನು ನಂಬಲ್ಲ. ಆದರೆ ತೆರೆಯದೆ ಯಾವತ್ತೂ ಬಿಟ್ಟಿಲ್ಲ" ಅಂದರು. ನಾವಿಬ್ಬರೂ ಸೇರಿ ಅಜ್ಜಿಯ ಮೈ ಒರೆಸಿದೆವು. ನೀರು ಬೆಚ್ಚಗಿದೆ ಅಂತ ನಾನು ಅವರಿಗೆ ಹೇಳಿದೆ.

ಪಾಳಿ ಮುಗಿಸಿ ಬಸ್‌ಸ್ಟಾಪಿನಿಂದ ಅವ್ವನಿಗೆ ಫೋನ್ ಮಾಡಿದೆ. ಅಲ್ಲಿ ಹನ್ನೊಂದು ಗಂಟೆ ಮೀರಿತ್ತು, ಹಿಂದೆ ರೊಟ್ಟಿ ಬಡಿಯುವ ಸದ್ದು. ಎಲ್ಲ ಹೇಳಿದೆ. ಪ್ರಾರ್ಥನೆ ಬಂತು ಅಂತಲೂ ಹೇಳಿದೆ. ಬಡಿಯುವ ಸದ್ದು ನಿಂತಿತು.

"ಆಕಿಗೆ ಮಗಳೈತಿ ಅಂದೀಯಲ್ಲ, ಆಕಿ ಸಲುವಾಗಿ ಪ್ರಾರ್ಥನಿ ಮಾಡ್ತೀನಿ. ಹೆಸರೇನು?"

"ಹೆಸರು ಹೇಳೂಹಂಗಿಲ್ಲವ್ವ. ರೋಗಿಗಳದು ಯಾರದೂ ಹೊರಗ ಹೇಳಬಾರದು. ಕಾಯ್ದೆ ಐತಿ."

"ಆತು ಬಿಡು. ದೇವರಿಗೆ ಗೊತ್ತಿರ್ತೈತಿ." ರೊಟ್ಟಿಯ ಸದ್ದು ಮತ್ತೆ ಶುರುವಾಯಿತು. "ನೀ ಏನರ ತಿಂದೀಯಿಲ್ಲೋ?"